ಭಾವನವರ ಸೂಟಿ ಮತ್ತು ಅಮಾವಾಸ್ಯೆ

ನಿಮ್ಮ ದೊಡ್ಡಜ್ಜ, ಅಂದರೆ ನಿಮ್ಮ ಅಜ್ಜನ ಅಣ್ಣ, ನನ್ನ ಭಾವನವರು, ಬಿಜಾಪುರದ ಜೈಲಿನಲ್ಲಿದ್ದ ಸಂಗತಿಯನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಾನೂ ಬಾಯಿಬಿಟ್ಟು ಹೇಳಲಾರೆ, ಬರೆಯಬಲ್ಲೆ ಅಷ್ಟೆ. ಹೊಲದ ಬದುವಿನ ಜಗಳದಲ್ಲಿ ಕೊಡಲಿಯ ಕಾವಿನಿಂದ ಒಬ್ಬರ ತಲೆ ಒಡೆದಿದ್ದರು. ಮೂರು ವರ್ಷ ಶಿಕ್ಷೆಯಾಯಿತು. ಎಪ್ಪತ್ತರ ದಶಕದ ಮಾತು ಇದು. ನಾನಾಗ ಸಿಂದಗಿ ಕಡೆಯ ಆ ಮನೆಗೆ ಹೊಸ ಸೊಸೆ.

ಎರಡನೆಯ ವರ್ಷ ಅತ್ತೆ ಹಾಸಿಗೆ ಹಿಡಿದರು. ನಿಮ್ಮ ಅಜ್ಜ ಅರ್ಜಿ ಹಾಕಿದರು, ಪೊಲೀಸರು ಮನೆಗೆ ಬಂದು ವಿಚಾರಿಸಿದರು. ಅಜ್ಜನೇ ಜಾಮೀನಿಗೆ ಸಹಿ ಮಾಡಿದ ಮೇಲೆ ಭಾವನವರಿಗೆ ಹದಿನೈದು ದಿನದ ಪೆರೋಲ್ ಸಿಕ್ಕಿತು. ಅತ್ತೆ ಅದನ್ನು ಸೂಟಿ ಎಂದೇ ಕರೆದರು, ಶಾಲೆಯ ಮಕ್ಕಳಿಗೆ ಕೊಡುವ ರಜೆಯ ಹಾಗೆ. ಮಗ ಹೊಸ್ತಿಲು ದಾಟಿದ್ದೇ ತಡ, ಎದ್ದು ಕುಳಿತು ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟತೊಡಗಿದರು. ಆ ಹೊತ್ತಿಗೆ ಪೊಲೀಸರು ಬರಲಿಲ್ಲ, ನಮ್ಮ ಪುಣ್ಯ.

ಭಾವನವರು ವಾರಕ್ಕೆರಡು ಸಲ ಠಾಣೆಗೆ ಹೋಗಿ ಸಹಿ ಮಾಡಿ ಬರಬೇಕಿತ್ತು. ಜೈಲಿನ ರೂಢಿ ಬಿಟ್ಟಿರಲಿಲ್ಲ, ಉಂಡ ತಾಟನ್ನು ತಾವೇ ತೊಳೆದಿಡುತ್ತಿದ್ದರು. ಅತ್ತೆಗೆ ಅದು ದೊಡ್ಡ ದುಃಖ. ನಿಮ್ಮ ಅಜ್ಜನನ್ನೂ ನಾಲ್ಕು ದಿನ ಅಲ್ಲಿಗೆ ಕಳಿಸಬೇಕಿತ್ತು ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ನಾನು ಭಾವನವರ ಎದುರು ಮಾತಾಡುವ ಹಾಗಿರಲಿಲ್ಲ. ಹೇಳಲೇಬೇಕಾದದ್ದನ್ನು ಸೆರಗು ಎಳೆದುಕೊಂಡು ಗೋಡೆಗೆ ಹೇಳುತ್ತಿದ್ದೆ. “ಗ್ವಾಡೀ, ನೀರು ಕಾದಾವು” ಎಂದರೆ ಅವರು ಜಳಕಕ್ಕೆ ಏಳುತ್ತಿದ್ದರು.

ಹದಿನೈದನೆಯ ದಿನ ಸಂಜೆಯೊಳಗೆ ಅವರು ಜೈಲಿನ ಬಾಗಿಲಲ್ಲಿರಬೇಕು. ನೋಡಿದರೆ ಆ ದಿನವೇ ಅಮಾವಾಸ್ಯೆ!

“ಅಮಾಸಿ ದಿವಸ ಮಗನ್ನ ಮನಿಯಿಂದ ಕಳಸಂಗಿಲ್ಲ. ಮರದಿನ ಹೋಗ್ತಾನ,” ಎಂದು ಅತ್ತೆ ಹಿಂದಿನ ದಿನವೇ ಪಟ್ಟು ಹಿಡಿದರು.

“ಯವ್ವಾ, ಒಂದ್ ದಿನ ತಡಾ ಆದ್ರ ನನ್ನ ಮಾಫಿ ಕಡೀತಾರ,” ಎಂದರು ಭಾವನವರು. ಚೆನ್ನಾಗಿ ನಡೆದುಕೊಂಡದ್ದಕ್ಕೆ ಅವರ ಶಿಕ್ಷೆಯಲ್ಲಿ ಐದು ತಿಂಗಳು ಕಡಿಮೆಯಾಗುವುದಿತ್ತು.

“ಜಾಮೀನು ನಂದೈತಿ. ನನ್ನೂ ಹಿಡಕೊಂಡು ಹೋಗ್ತಾರ,” ಎಂದರು ನಿಮ್ಮ ಅಜ್ಜ.

“ಹೋಗ್ರಿ, ಇಬ್ಬರೂ ಕೂಡೇ ಇರ್ರಿ. ಜೈಲೇನ್ ಓಡಿ ಹೋಗತೈತೇನು?”

“ಹಂಗಾರ ಇವತ್ತ ಹೋಗ್ತೇನಿ,” ಎಂದರು ಭಾವನವರು.

“ಸರಕಾರ ಕೊಟ್ಟ ಸೂಟಿ ಐತಿ. ಒಂದ್ ದಿನಾನೂ ಬಿಡಂಗಿಲ್ಲ!”

ಇಂಡಿ ಕಡೆಯ ನನ್ನ ತವರಿನಲ್ಲಿ, ಹೋಗಬಾರದ ದಿನ ಹೋಗಬೇಕಾಗಿ ಬಂದರೆ, ಹಿಂದಿನ ದಿನವೇ ಗಂಟನ್ನು ಬೇರೆಯವರ ಮನೆಯಲ್ಲಿ ಇಡುತ್ತಿದ್ದರು. ಅಷ್ಟಾದರೆ ಹೊರಟಂತೆಯೇ ಲೆಕ್ಕ. ನಾನು ಗೋಡೆಯ ಕಡೆ ತಿರುಗಿದೆ.

“ಗ್ವಾಡೀ, ಅಮಾಸಿ ನಾಳಿಗಿ ಐತಿ. ಇವತ್ತ ಗಂಟು ಎದರಮನ್ಯಾಗ ಇಟ್ಟರ ಹೊಂಟಂಗ ಆತಿಲ್ಲೋ?”

ಅತ್ತೆ ಗೋಡೆಯನ್ನೇ ದಿಟ್ಟಿಸಿ ನೋಡಿದರು. “ಗ್ವಾಡಿಗಿ ಬುದ್ಧಿ ಐತಿ,” ಎಂದರು. “ಆದ್ರ ಗಂಟೊಂದ ಹೋದ್ರ ಸಾಲಂಗಿಲ್ಲ. ಮನಷ್ಯಾನೂ ಹೋಗಬೇಕು.”

ಹೀಗಾಗಿ ಭಾವನವರು ಸೂಟಿಯ ಕೊನೆಯ ಸಂಜೆ ಗಂಟು ಹೊತ್ತು, ತಾಯಿಯ ಕಾಲಿಗೆ ಬಿದ್ದು, ಹನ್ನೆರಡು ಹೆಜ್ಜೆ ನಡೆದು ಎದುರುಮನೆಯ ಕಟ್ಟೆಯ ಮೇಲೆ ಕುಳಿತರು. ಅತ್ತೆ ಮುಂಬಯಿಗೆ ಕಳಿಸಿದವರಂತೆ ಅತ್ತರು. ಕಣ್ಣೊರೆಸಿಕೊಂಡು ಓಣಿಯ ಈಚೆಯಿಂದ ಕೂಗಿದರು: “ಮುಟ್ಟಿದೇನಪಾ?” ನೀರು ಕುಡಿಯಲಿಕ್ಕೂ ಮಗನನ್ನು ಒಳಗೆ ಕರೆಯಲಿಲ್ಲ. ಹೋಳಿಗೆಯ ತಾಟು ಹಿಡಿದು ಓಣಿ ದಾಟಿದವಳು ನಾನೇ.

ಮರುದಿನ ಅವರು ಅಲ್ಲಿಂದಲೇ ಬಸ್ಸು ಹತ್ತಿ, ಮಧ್ಯಾಹ್ನಕ್ಕೆ ಜೈಲಿನ ಬಾಗಿಲು ಮುಟ್ಟಿದರು. ಮಾಫಿ ಉಳಿಯಿತು.

ಐದು ತಿಂಗಳು ಮೊದಲೇ ಬಿಡುಗಡೆಯಾಗಿ ಬಂದ ದಿನ ಭಾವನವರು ತಾಯಿಗೆ ನಮಸ್ಕರಿಸಿ, ನೇರ ಗೋಡೆಯ ಮುಂದೆ ಹೋಗಿ ನಿಂತರು.

“ಗ್ವಾಡೀ, ನಿನ್ನ ಉಪಕಾರ ಭಾಳ ಆತವಾ.”

ನಾನು ಸೆರಗಿನೊಳಗೇ ನಕ್ಕು ಆ ಗೋಡೆಗೇ ಹೇಳಿದೆ: “ಗ್ವಾಡೀ, ನೀರು ಕಾದಾವು.”