ಬಡಿಸುವವಳ ಎಲೆ

ಹೋದ ದೀಪಾವಳಿಗೆ ಹೈಡೆಲ್‌ಬರ್ಗಿನ ಹಾಲ್‌ನಲ್ಲಿ ನಮ್ಮ ಕನ್ನಡದವರ ಊಟವಿತ್ತು. ಕಾಗದದ ಬಾಳೆಲೆಯ ಮುಂದೆ ಕೂತಿದ್ದೆ. ಹದಿನಾಲ್ಕು ಹದಿನೈದರ ಒಬ್ಬ ಹುಡುಗಿ, ಲಂಗದ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡು, ಕೋಸಂಬರಿ ಬಡಿಸುತ್ತ ಬಂದಳು. 'ಇಷ್ಟು ಸಾಕಾ ಆಂಟಿ?' ಎಂದು ಬಗ್ಗಿದಳು. ಅವಳ ಬಾಯಿಂದ ನೇಲ್ ಪಾಲಿಶ್ ರಿಮೂವರ್ ವಾಸನೆ ಬಂತು. ತಕ್ಷಣ ಅವಳ ಬೆರಳು ನೋಡಿದೆ. ಉಗುರಿಗೆ ಬಣ್ಣವೇ ಇರಲಿಲ್ಲ.

ಆ ವಾಸನೆ ನನಗೆ ಗೊತ್ತು. ದಿನಾ ಬೆಳಿಗ್ಗೆ ಟ್ರಾಮ್‌ನಲ್ಲಿ ಅದರ ಪಕ್ಕದಲ್ಲೇ ಕೂತು ಶಾಲೆಗೆ ಹೋದವಳು ನಾನು. ಮೇಲಿನ ಮನೆಯ ಅಕ್ಕ...

ನಾವು ಮೈಸೂರಿನಿಂದ ಜರ್ಮನಿಗೆ ಬಂದಾಗ ನನಗೆ ಹನ್ನೆರಡು. ಅಪ್ಪನಿಗೆ ವಾಲ್‌ಡಾರ್ಫ್‌ನಲ್ಲಿ ಕೆಲಸ, ಮನೆ ಹೈಡೆಲ್‌ಬರ್ಗಿನಲ್ಲಿ. ಮೇಲಿನ ಮಹಡಿಯಲ್ಲೇ ಕನ್ನಡದವರು ಇದ್ದದ್ದು ಕಂಡು ಅಮ್ಮನಿಗೆ ಹೋದ ಜೀವ ಬಂದಂತಾಗಿತ್ತು. ಆ ಮನೆಯ ಒಬ್ಬಳೇ ಮಗಳು ಇಲ್ಲೇ ಹುಟ್ಟಿದವಳು, ನನಗಿಂತ ಮೂರು ವರ್ಷ ದೊಡ್ಡವಳು. ಇಲ್ಲಿನ ಮಕ್ಕಳನ್ನು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಬರುತ್ತದೆ. ಅವಳು ಮಾತ್ರ ಚೆಂದಾಗಿ ಕನ್ನಡ ಮಾತಾಡುತ್ತಿದ್ದಳು, ದೇವರನಾಮ ಹಾಡುತ್ತಿದ್ದಳು. ಅಣಕಿಸುವುದರಲ್ಲಂತೂ ಎತ್ತಿದ ಕೈ. ಟ್ರಾಮ್‌ನಲ್ಲಿ ನಿಲ್ದಾಣದ ಹೆಸರು ಹೇಳುವ ಹೆಂಗಸಿನ ದನಿಯಲ್ಲಿ ನಮ್ಮಮ್ಮನ ಬೈಗುಳ ಹೇಳಿ, ನನ್ನನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಿದ್ದಳು.

ಮೊದಲ ಚಳಿಗಾಲದಲ್ಲೇ ಅವಳು ತನ್ನ ತಿಂಡಿ ಡಬ್ಬಿಯನ್ನು ನನ್ನ ತೊಡೆ ಮೇಲೆ ಇಡಲು ಶುರುಮಾಡಿದಳು. 'ನೀನೇ ತಿಂದ್ಬಿಡೇ, ನಂಗೆ ಸೇರ್ತಿಲ್ಲ. ಅಮ್ಮಂಗೆ ಹೇಳ್ಬೇಡ.' ತುಪ್ಪ ಹಚ್ಚಿದ ಚಪಾತಿ, ಆಲೂಗಡ್ಡೆ ಪಲ್ಯ. ನಾನು ತಿನ್ನುತ್ತಿದ್ದರೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. 'ಉಪ್ಪು ಸರಿ ಇದ್ಯಾ? ನಿಧಾನಕ್ಕೆ ಅಗಿ.' ನನ್ನ ಡಬ್ಬಿ, ಅವಳ ಡಬ್ಬಿ, ಮೇಲೊಂದು ಬೇಕರಿಯ ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಬ್ರೆಡ್ಡು. ನಾನು ಊದಿದೆ, ಅವಳು ಒಣಗಿದಳು. ಇದಕ್ಕಾಗಿ ನನ್ನಲ್ಲಿ ಯಾರೂ ಪಶ್ಚಾತ್ತಾಪ ಹುಡುಕಬೇಡಿ. ಹನ್ನೆರಡು ವರ್ಷದವಳಿಗೆ ಹಸಿವಾಗುತ್ತದೆ, ಕೊಟ್ಟರೆ ತಿನ್ನುತ್ತಾಳೆ.

ಆಮೇಲೆ ಉಪವಾಸ ಶುರುವಾಯಿತು. ಮೊದಲು ಏಕಾದಶಿ. ಆಮೇಲೆ ಶನಿವಾರ ಹನುಮಂತನಿಗೆ, ಸೋಮವಾರ ಈಶ್ವರನಿಗೆ, ಗುರುವಾರ ರಾಯರಿಗೆ. ವಾರಕ್ಕೆ ಏಳೇ ದಿನ, ನಮ್ಮಲ್ಲಿ ದೇವರಿಗೇನು ಬರವೇ? ಬೆಳೆಯುವ ಹುಡುಗಿ ಊಟ ಬಿಟ್ಟಳೆಂದರೆ ಎಂಥ ತಾಯಿಯೂ ಹೆದರುತ್ತಾಳೆ. ದೇವರಿಗಾಗಿ ಬಿಟ್ಟಳು ಅಂದದ್ದೇ ತಡ, ಹೆದರಿಕೆ ಹೋಗಿ ಹೆಮ್ಮೆ ಬಂತು.

ಏಕಾದಶಿ ನಾನು ಕಾಣದ್ದೇನಲ್ಲ. ಮೈಸೂರಿನಲ್ಲಿ ನಮ್ಮಜ್ಜಿ ದ್ವಾದಶಿಯ ದಿನ ಬೆಳಕು ಹರಿಯುವ ಮೊದಲೇ ಎದ್ದು, ಎಲೆ ಹಾಕುವುದು ಸ್ವಲ್ಪ ತಡವಾದರೂ ಮನೆಮಂದಿಗೆಲ್ಲ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದಳು. ಉಪವಾಸ ಮುಗಿಸಿದವರಿಗೆ ಅನ್ನದ ಮೇಲೆ ಅಂಥ ಆಸೆ. ಅಕ್ಕನಿಗೆ ದ್ವಾದಶಿಯಂದೂ ಅವಸರವೇ ಇರಲಿಲ್ಲ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಬಂದವರಿಗೆಲ್ಲ ಬಡಿಸುತ್ತಿದ್ದಳು. ಬಡಿಸುವವರು ಕೊನೆಗೆ ಕೂರುವುದು ನಮ್ಮ ಪದ್ಧತಿ. ಕೊನೆಗೆ ನೋಡುವುದಕ್ಕೆ ಅಲ್ಲಿ ಯಾರಿರುತ್ತಾರೆ? ಎಲ್ಲರೂ ಕೈತೊಳೆದು ಕಾಫಿಗೆ ಕೂತಿರುತ್ತಾರೆ. 'ನಂದಾಯ್ತು' ಅನ್ನುತ್ತಿದ್ದಳು. ಆಯಿತು ಅಂದರೆ ಆಯಿತು. ಬಡಿಸುವವಳ ಎಲೆ ನಮ್ಮಲ್ಲಿ ಯಾರೂ ನೋಡುವುದಿಲ್ಲ.

ನಮ್ಮ ಕೂಟದ ಯಜಮಾನಿಕೆ ಒಬ್ಬ ಡಾಕ್ಟರ್ ಆಂಟಿಯದು. ಜರ್ಮನಿಗೆ ಬಂದು ದಶಕಗಳೇ ಆಗಿದ್ದ ಕಣ್ಣಿನ ಡಾಕ್ಟರು. ಆ ಯುಗಾದಿಗೆ ಅಕ್ಕನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. 'ಜರ್ಮನಿಯಲ್ಲಿ ಹುಟ್ಟಿದ ಮಗು ಕಣ್ರೀ, ಏಕಾದಶಿ ಮಾಡ್ತಾಳೆ!' ಚಪ್ಪಾಳೆಯೋ ಚಪ್ಪಾಳೆ. ಶಾಲು ಅವಳ ಹೆಗಲ ಮೇಲೆ ನಿಲ್ಲದೆ ಜಾರಿ ಕೆಳಗೆ ಬಿತ್ತು... ಪಾಪ, ನಾಚಿಕೆ ಅಂದುಕೊಂಡರು. ಊಟದ ಹೊತ್ತಿಗೆ ನಾನು ಎರಡನೇ ಹೋಳಿಗೆಗೆ ಕೈಚಾಚಿದಾಗ ಅದೇ ಆಂಟಿ, 'ಅಕ್ಕನ್ನ ನೋಡಿ ಕಲಿಯಮ್ಮ, ಇಲ್ಲಾಂದ್ರೆ ನಿಮ್ಮನೆ ಬಾಗಿಲು ಅಗಲ ಮಾಡಿಸ್ಬೇಕಾಗತ್ತೆ' ಎಂದರು. ಎಲ್ಲರೂ ನಕ್ಕರು. ನಮ್ಮಮ್ಮನೂ ನಕ್ಕಳು.

ಒಂದು ದಿನ ಟ್ರಾಮ್‌ನಲ್ಲಿ ಕೇಳಿಯೇಬಿಟ್ಟೆ, ನಿನಗೆ ನಿಜವಾಗಲೂ ಹಸಿವಾಗುವುದಿಲ್ಲವಾ ಅಂತ. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. 'ಯಾವಾಗ್ಲೂ ಆಗತ್ತೆ ಕಣೇ. ಕನಸಲ್ಲೂ ಬರೀ ಊಟಾನೇ ಬರತ್ತೆ. ತಿನ್ನಕ್ಕೇ ಆಗಲ್ಲ.' ಮನೆಗೆ ಬಂದು ಅಮ್ಮನಿಗೆ ಹೇಳಿದೆ, ಡಬ್ಬಿಯ ವಿಷಯವನ್ನೂ, ಬಾಯಿ ವಾಸನೆಯ ವಿಷಯವನ್ನೂ. 'ಉಪವಾಸ ಇರೋರ ಬಾಯಿ ಹಾಗೇ ಇರತ್ತೆ. ನಿನಗೆ ತಿನ್ನೋಕೊಂದು ನೆಪ' ಅಂದಳು.

ಕಣ್ಣಿದ್ದದ್ದು ಅಕ್ಕನ ಕ್ಲಾಸ್ ಟೀಚರಿಗೆ ಒಬ್ಬರಿಗೇ. ಆಟದ ಪೀರಿಯಡ್‌ನಲ್ಲಿ ಅಕ್ಕ ಕಣ್ಣು ಕತ್ತಲಿಟ್ಟು ಕುಸಿದದ್ದನ್ನು ಕಂಡು, ಆ ಜರ್ಮನ್ ಹೆಂಗಸು ತಂದೆತಾಯಿಯನ್ನು ಕರೆಸಿ, ಕೂಡಲೇ ಆಸ್ಪತ್ರೆಗೆ ತೋರಿಸಿ ಎಂದರು. ಅವಳಮ್ಮ ನಮ್ಮ ಅಡುಗೆಮನೆಗೆ ಬಂದು ಕೆಂಡ ಕಾರಿದರು. 'ನಾನು ಮಗಳ ಹೊಟ್ಟೆಗೆ ಹಾಕ್ತಿಲ್ವಂತೆ! ಇವಳಿಗೇನ್ರೀ ಗೊತ್ತು ನಮ್ಮ ಸಂಪ್ರದಾಯ?' ಡಾಕ್ಟರ್ ಆಂಟಿ ರೇಷ್ಮೆ ಸೀರೆ ಉಟ್ಟುಕೊಂಡು ಶಾಲೆಗೆ ಹೋಗಿ, ಇದೆಲ್ಲ ನಮ್ಮ ಧರ್ಮದಲ್ಲಿದೆ ಎಂದು ಪಾಠ ಹೇಳಿ ಬಂದರು. ಟೀಚರ್ ಕ್ಷಮೆ ಕೇಳಿದರಂತೆ. ಆ ಸಂಜೆ ಮೇಲಿನ ಮನೆಯಲ್ಲಿ ಯುದ್ಧ ಗೆದ್ದ ಸಂಭ್ರಮ, ಎಲ್ಲರಿಗೂ ಕೇಸರಿಬಾತ್. ಬಡಿಸಿದವಳು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಅದೇ ಚಳಿಗಾಲ ವೈಕುಂಠ ಏಕಾದಶಿ ಬಂತು. ಮಾರನೆಯ ಬೆಳಿಗ್ಗೆ ಮೇಲಿನ ಮನೆಯ ತುಂಬ ಜನ. ಅಕ್ಕ ಪಾಯಸದ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆ ಬಗ್ಗಿದಳು. ವಾಸನೆ ಬಂತು. ಹಾಗೇ ಮುಂದಕ್ಕೆ ಬಿದ್ದಳು. 'ಅಯ್ಯಯ್ಯೋ ಪಾಯಸ!' ಎಂದು ಯಾರೋ ಕಿರುಚಿದರು. ಹೌದು, ಮೊದಲು ಕಿರುಚಿದ್ದು ಪಾಯಸಕ್ಕೆ. ಆಂಬುಲೆನ್ಸ್ ಬಂತು. ಹೊಟ್ಟೆಗಿಲ್ಲದೆ ಹೃದಯ ಸೋತಿದೆ, ಊಟವೆಂದರೇ ಭಯಪಡುವ ಕಾಯಿಲೆ ಇದು, ಬಾಯಿಯ ಆ ವಾಸನೆ ಹಸಿದ ಮೈ ತನ್ನನ್ನೇ ಕರಗಿಸಿಕೊಳ್ಳುತ್ತಿದ್ದುದರ ಗುರುತು, ಮೊದಲೇ ಕರೆತಂದಿದ್ದರೆ ವಾಸಿಯಾಗುತ್ತಿತ್ತು ಎಂದರು ಆಸ್ಪತ್ರೆಯ ಡಾಕ್ಟರು. ಅಕ್ಕ ಆ ವಾರ ದಾಟಲಿಲ್ಲ. ಹದಿನೇಳೂ ತುಂಬಿರಲಿಲ್ಲ.

ವೈಕುಂಠ ಸಮಾರಾಧನೆಯ ಊಟಕ್ಕೆ ಎಲ್ಲರೂ ಬಂದರು. 'ವೈಕುಂಠ ಏಕಾದಶಿ ಮುಗಿಸ್ಕೊಂಡೇ ಹೋದ್ಲು. ಪುಣ್ಯವಂತೆ, ನೇರ ಸ್ವಾಮಿ ಪಾದಕ್ಕೆ' ಎಂದರು ಡಾಕ್ಟರ್ ಆಂಟಿ. ತಲೆಗಳೆಲ್ಲ ಹೌದು ಹೌದೆಂದು ಆಡಿದವು. ಥೂ! ಅವಳಮ್ಮ ಮಾತ್ರ ನನ್ನ ಪಕ್ಕ ಬಂದು ಕೂತು, ನಾನು ತಿನ್ನುವುದನ್ನೇ ನೋಡುತ್ತಿದ್ದರು, ಅಕ್ಕ ನೋಡುತ್ತಿದ್ದ ಹಾಗೇ. 'ಅವಳ ಡಬ್ಬಿ ದಿನಾ ಖಾಲಿ ಬರ್ತಿತ್ತಲ್ಲೇ...' ಎಂದರು. ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ವಾಪಸ್ ಇಟ್ಟೆ.

ಈಗ ಈ ಹಾಲ್‌ನಲ್ಲಿ, ಕೋಸಂಬರಿಯ ಹುಡುಗಿಯ ಕೈ ಹಿಡಿದುಕೊಂಡೆ. 'ನಿಂದು ಊಟ ಆಯ್ತಾ ಪುಟ್ಟಿ?'

'ಯಾ... ನಂದಾಯ್ತು ಆಂಟಿ.'

ಅರ್ಧ ಊಟದಲ್ಲೇ ಎದ್ದು ಅವಳಮ್ಮನ ಹತ್ತಿರ ಹೋದೆ. ನಾಳೆಯೇ ಡಾಕ್ಟರಿಗೆ ತೋರಿಸಿ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ ಎಂದೆ. ಆಕೆ ನಕ್ಕರು. 'ಇಲ್ಲಾರೀ, ಚೆನ್ನಾಗಿದ್ದಾಳೆ. ಏಕಾದಶಿ ಮಾಡ್ತಾಳೆ, ಅದಕ್ಕೇ ಸಣ್ಣ ಕಾಣ್ತಾಳೆ.' ಅಲ್ಲೇ ಕುರ್ಚಿಯಲ್ಲಿ ಕೂತಿದ್ದ, ಈಗ ಕೂದಲೆಲ್ಲ ಬೆಳ್ಳಗಾಗಿರುವ ಡಾಕ್ಟರ್ ಆಂಟಿ, 'ಹಿಂದೆ ನಮ್ಮಲ್ಲೊಬ್ಬಳಿದ್ಲು, ಥೇಟ್ ಇವಳ ಹಾಗೇ. ಪುಣ್ಯವಂತೆ' ಎಂದರು.

ಮೈಯೆಲ್ಲ ಉರಿದುಹೋಯಿತು. 'ಪುಣ್ಯವಂತೆ ಅಲ್ಲ ಆಂಟಿ. ಹಸಿದು ಸತ್ತಳು. ನಿಮಗೆಲ್ಲ ಬಡಿಸ್ತಾ ಬಡಿಸ್ತಾ ಸತ್ತಳು' ಎಂದೆ, ಇಡೀ ಹಾಲ್‌ಗೆ ಕೇಳುವ ಹಾಗೆ.

ಎಲ್ಲರ ಕೈಗಳೂ ಎಲೆಯ ಮೇಲೆ ನಿಂತವು. ಅಕ್ಕ ಇದ್ದಿದ್ದರೆ ಆ ಮುಖಗಳನ್ನೆಲ್ಲ ಒಂದೊಂದಾಗಿ ಅಣಕಿಸಿ ನನ್ನನ್ನು ನಗಿಸುತ್ತಿದ್ದಳು... ಇಲ್ಲವಲ್ಲ. ಎಷ್ಟು ವರ್ಷವಾದರೂ ಟ್ರಾಮ್‌ನಲ್ಲಿ ನಿಲ್ದಾಣದ ಹೆಸರು ಹೇಳುವ ಆ ಹೆಂಗಸಿನ ದನಿ ಕೇಳಿದರೆ ನಾನು ಪಕ್ಕದ ಸೀಟು ನೋಡುತ್ತೇನೆ.

ಆಮೇಲೆ ಆ ಕಡೆಯ ಸಾಲಿನಿಂದ ಯಾರೋ ಪಾಯಸ ಕೇಳಿದರು. ಹುಡುಗಿ ಕೋಸಂಬರಿ ಕೆಳಗಿಟ್ಟು, ಪಾಯಸದ ಪಾತ್ರೆ ಎತ್ತಿಕೊಂಡಳು.