ಗಾರ್ಡ್ ತಾತ ಮತ್ತು ಮೋತಿಯ ಪೆಟ್ಟಿಗೆ

ಅವರ ಮುಖದ ಬಲಭಾಗ ಎಡಭಾಗಕ್ಕಿಂತ ಕಪ್ಪಗಿತ್ತು. ಮೊದಲ ಸಲ ನೋಡಿದವರು, ಅರ್ಧ ಮುಖದ ಮೇಲೆ ಏನೋ ನೆರಳು ಬಿದ್ದಿದೆ ಎಂದುಕೊಂಡು ಒಂದು ಹೆಜ್ಜೆ ಸರಿದು ನಿಂತು ಮತ್ತೆ ನೋಡುತ್ತಿದ್ದರು. ನೆರಳಲ್ಲ, ಮೂವತ್ತು ವರ್ಷದ ಬಿಸಿಲು ಮತ್ತು ಕಲ್ಲಿದ್ದಲ ಹೊಗೆ. ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು, ಬಲಗಡೆಗೆ ಕತ್ತು ಹೊರಹಾಕಿ, ಇಡೀ ಗಾಡಿಯನ್ನು ಇಂಜಿನ್ನಿನ ತನಕ ನೋಡುತ್ತಾ ಬಂದ ಮುಖ ಅದು.

ಎಪ್ಪತ್ತರ ದಶಕದ ಕೊನೆಯ ಮಾತು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಅಪ್ಪ ಧಾರವಾಡದಿಂದ ಬಂದು ಯಶವಂತಪುರದ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಮನೆ ಹಿಡಿದಿದ್ದರು. ಪಕ್ಕದ ಮನೆ ಈ ನಿವೃತ್ತ ಗಾರ್ಡ್ ಅವರದು. ನಡುವೆ ಎದೆಮಟ್ಟದ ಒಂದು ಗೋಡೆ. ಅವರದು ಚಿಕ್ಕಬಾಣಾವರದ ಒಕ್ಕಲು ಮನೆತನ. ಅಣ್ಣತಮ್ಮಂದಿರು ಹೊಲ ಹಿಡಿದರು, ಇವರು ರೈಲು ಹತ್ತಿದರು. ನಮ್ಮ ಕಡೆ ಮುದುಕರನ್ನು ಅಜ್ಜ ಎನ್ನುತ್ತೇವೆ. ಆದರೆ ಬೀದಿಯ ಮಕ್ಕಳೆಲ್ಲ ಗಾರ್ಡ್ ತಾತ ಎನ್ನುತ್ತಿದ್ದುದರಿಂದ ನನಗೂ ಅವರು ಗಾರ್ಡ್ ತಾತನೇ ಆದರು.

ಕೆಲಸ ಬಿಟ್ಟರೂ ಗಾಡಿ ಅವರನ್ನು ಬಿಟ್ಟಿರಲಿಲ್ಲ. ಹೆಂಡತಿಯೊಡನೆ ತರಕಾರಿಗೆ ಹೊರಟರೂ ಗೇಟಿನ ಬಳಿ ನಿಂತು, ಹಿಂದೆ ಮುಂದೆ ನೋಡಿ, ಕೈ ಸ್ವಲ್ಪ ಎತ್ತಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. "ಇನ್ನ ವೊರಡಿ, ಗಾಡಿ ಬಿಟ್ಟಾಯ್ತು" ಎಂದು ಆಕೆ ರೇಗಿಸಿದರೆ, "ಸಿಗ್ನಲ್ ನೋಡ್ದಲೆ ವೊಂಟ್ರೆ ನಿನ್ನ ಯಾರ್ ಕಾಪಾಡ್ತಾರೆ?" ಎನ್ನುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ಅಪ್ಪ ಕೈಚೀಲದಲ್ಲಿ ಒಂದು ನಾಯಿಮರಿಯನ್ನು ತಂದರು. ಎರಡು ತಿಂಗಳದ್ದು. ಮೋತಿ ಎಂದು ಹೆಸರಿಟ್ಟೆವು. ಹೆಸರಿಟ್ಟ ದಿನವೇ ಅದು ಅಪ್ಪನ ಹಾಸಿಗೆ, ಅಕ್ಕಿ ಡಬ್ಬಿಯ ಪಕ್ಕ, ದೇವರ ಕೋಣೆಯ ಹೊಸ್ತಿಲು ಮೂರನ್ನೂ ಒದ್ದೆ ಮಾಡಿತು. ಅಮ್ಮ ಒಂದು ವಾರ ಸಹಿಸಿದರು. ಎಂಟನೆಯ ದಿನ ಧಾರವಾಡದಿಂದ ಕಾಗದ ಬಂತು: ಮೂರು ವಾರದಲ್ಲಿ ಅಜ್ಜಿ ಬರುತ್ತಾರೆ. ಅಪ್ಪನ ತಾಯಿ, ಮಡಿಯಲ್ಲಿ ಬಹಳ ಬಿಗಿ. ಮಡಿಸೀರೆ ಉಟ್ಟು ಅಡಿಗೆಗೆ ನಿಂತರೆ ಮೊಮ್ಮಕ್ಕಳ ನೆರಳನ್ನೂ ದೂರ ಇಡುವವರು.

"ನೋಡ್ರೀ," ಎಂದರು ಅಮ್ಮ ಅಪ್ಪನಿಗೆ, "ಅತ್ತಿಯವರು ಬರೂದರಾಗ ಇದು ಹೊರಗ ಹೋಗೂದು ಕಲೀಬೇಕು. ಇಲ್ಲಾಂದ್ರ ಹಾಲಿನವನ ಕೈಯಾಗ ಕೊಟ್ಟು ಅವನೂರು ಮಾಕಳಿಗೆ ಕಳಿಸಿಬಿಡೂದು. ಹೊಲ ಕಾಯ್ಕೊಂಡು ಇರ್ತದ."

ಮರಿಯನ್ನು ಎದೆಗೆ ಒತ್ತಿಕೊಂಡು ನಾನು ಹಿತ್ತಿಲಲ್ಲಿ ಅಳುತ್ತಿದ್ದಾಗ ಗೋಡೆಯ ಮೇಲೆ ಆ ಎರಡು ಬಣ್ಣದ ಮುಖ ಕಾಣಿಸಿತು. ಎಲ್ಲ ಕೇಳಿಕೊಂಡ ಮೇಲೆ ತಾತ ಹೇಳಿದ್ದು ಇಷ್ಟೇ: "ಮೂರು ವಾರನಾ? ಬೇಕಾದಷ್ಟಾಯ್ತು ಕಣಮ್ಮ. ಇದು ಎಕ್ಸ್‌ಪ್ರೆಸ್ ಅಲ್ಲ, ಪ್ಯಾಸೆಂಜರ್ ಗಾಡಿ. ಎಲ್ಲಾ ಸ್ಟೇಷನ್ನಾಗೂ ನಿಲ್ಲಿಸಬೇಕು. ಎದ್ದಾಗ ಒಂದ್ ಸ್ಟೇಷನ್ನು, ಉಂಡ್ ಮೇಲೆ ಒಂದು, ಆಡಿ ಸುಸ್ತಾದ್ ಮೇಲೆ ಒಂದು."

ಮಾರನೆಯ ದಿನ ಹಣ್ಣಿನ ಮಂಡಿಯಿಂದ ಒಂದು ಮರದ ಪೆಟ್ಟಿಗೆ ತಂದರು. ಪಟ್ಟಿಗಳ ನಡುವೆ ಗಾಳಿಯಾಡುವಂಥದ್ದು. ಮೊಳೆಗಳನ್ನೆಲ್ಲ ಕಿತ್ತು, ಉಪ್ಪುಕಾಗದದಿಂದ ಉಜ್ಜಿ, ಒಳಗೆ ಹಳೆಯ ಗೋಣಿ ಹಾಸಿದರು. ಆಮೇಲೆ ಅದನ್ನು ನಮ್ಮ ಹಿತ್ತಿಲ ಬಾಗಿಲಿನ ಒಳಬದಿಗೆ ಇಟ್ಟು, ಒಂದು ಹಲಗೆಯನ್ನು ಅಡ್ಡ ನಿಲ್ಲಿಸಿ ಅರ್ಧ ಪೆಟ್ಟಿಗೆಯನ್ನು ಮುಚ್ಚಿಬಿಟ್ಟರು.

"ಇಷ್ಟ್ ದೊಡ್ಡದು ತಂದು ಯಾಕ್ ತಾತ ಅರ್ಧ ಮುಚ್ಚಿದ್ರಿ?"

"ಜಾಗ ಜಾಸ್ತಿ ಕೊಟ್ರೆ ಒಂದ್ ಮೂಲೇಲಿ ಮಲಗ್ತದೆ, ಇನ್ನೊಂದ್ ಮೂಲೇನ ಕಕ್ಕಸ್ ಮಾಡ್ಕೊಂತದೆ. ಎದ್ದು ನಿಲ್ಲಬೇಕು, ಒಂದ್ ಸುತ್ತು ತಿರುಗ್ಬೇಕು, ಕಾಲ್ ಚಾಚಿ ಮಲಗ್ಬೇಕು. ಅಷ್ಟೇ ಜಾಗ. ತಾನ್ ಮಲಗೋ ಕಡೆ ಯಾವ್ ನಾಯಿನೂ ಕೆಡಿಸಾಕಿಲ್ಲ. ಬೆಳೆದಂಗೆಲ್ಲ ಹಲಗೆ ಹಿಂದಕ್ಕೆ ಸರಿಸೋಣ."

ಪೆಟ್ಟಿಗೆಗೆ ಚಿಲಕದ ಬಾಗಿಲನ್ನು ಮೂರು ದಿನ ಕೂಡಿಸಲೇ ಇಲ್ಲ. ನಾನು ಅವಸರಕ್ಕೆ ಮರಿಯನ್ನು ಒಳಗೆ ನೂಕಲು ಹೋದರೆ ಕೈ ಹಿಡಿದರು. "ತಳ್ಬೇಡ. ತಾನೇ ಹತ್ತಬೇಕು." ಅನ್ನದ ಬಟ್ಟಲನ್ನು ಪೆಟ್ಟಿಗೆಯೊಳಗೆ ಇಟ್ಟು, ಪಕ್ಕದಲ್ಲಿ ಕಾಲು ಮಡಚಿ ಕೂತು, ಪೇಪರ್ ಓದಿದರು. ಮರಿಯ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ಸಂಜೆ ಮೋತಿ ತಾನಾಗಿ ಒಳಗೆ ಹೋಗಿ, ಮೂರು ಸುತ್ತು ತಿರುಗಿ, ಉಸ್ಸೆಂದು ಮಲಗಿತು. ತಾತ ಪೇಪರಿನ ಹಾಳೆ ಮಗುಚಲೂ ಇಲ್ಲ, ಸದ್ದಾದೀತೆಂದು.

ಹೊರಗೆ ಕರೆದೊಯ್ದಾಗ ದಿನವೂ ಒಂದೇ ಜಾಗ: ಹಿತ್ತಿಲ ಕೊನೆಯ ಪರಂಗಿ ಗಿಡದ ಬುಡ. ಒಂದೇ ಮಾತು: "ಲೈನ್ ಕ್ಲಿಯರ್." ಮರಿ ಕೂತು ಮುಗಿಸಿದ ಕ್ಷಣವೇ ಕತ್ತು ನೇವರಿಸಿ ಹೊಗಳಬೇಕು. ಕೊನೆಕೊನೆಗೆ ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಗಿಡದ ಬುಡದಲ್ಲಿ ನಿಂತು, "ಲೈನ್ ಕ್ಲೀರ್ ಮಾಡೋ ನಮ್ಮಪ್ಪಾ, ಒಲೀ ಮ್ಯಾಲ ಹಾಲದ" ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ಯಾರೋ ಹೇಳಿಕೊಟ್ಟರೆಂದು ಅಪ್ಪ ಒಮ್ಮೆ ಮರಿಯ ಕತ್ತು ಹಿಡಿದು, ಅದು ಒದ್ದೆ ಮಾಡಿದ ಜಾಗಕ್ಕೆ ಮೂತಿ ಉಜ್ಜಲು ಹೋದರು. "ಹೋದ ಗಾಡಿಗೆ ಕೆಂಪು ಬಾವುಟ ತೋರ್ಸಿ ಏನ್ ಬಂತು ಸ್ವಾಮಿ?" ಎಂದು ಗೋಡೆಯಾಚೆಯಿಂದ ದನಿ ಬಂತು. ಅಪ್ಪ ಕೈ ಬಿಟ್ಟರು.

ನನ್ನನ್ನು ಬೆರಗುಗೊಳಿಸಿದ್ದು ಅವರ ಕಣ್ಣು. ಅಮ್ಮನೊಡನೆ ರಾಗಿಯ ಬೆಲೆ ಮಾತಾಡುತ್ತಾ ಇದ್ದವರು, ಮಾತಿನ ನಡುವೆ, ದನಿ ಏರಿಸದೆ, "ಎತ್ಕೊ" ಎನ್ನುತ್ತಿದ್ದರು. ಮರಿಯನ್ನು ಎತ್ತಿಕೊಂಡು ಓಡಿ ಗಿಡದ ಬುಡದಲ್ಲಿ ಇಳಿಸಿದೊಡನೆ ಆಗಿಬಿಡುತ್ತಿತ್ತು. ಅಮ್ಮನಿಗೆ ಇದು ಕಾಕತಾಳೀಯ ಎಂದು ಗುಮಾನಿ. ಒಂದು ದಿನ ಅಡಿಗೆಮನೆಯ ಕಿಟಕಿಯಿಂದ ಲೆಕ್ಕ ಇಟ್ಟರು. ತಾತ ಏಳು ಸಲ ಹೇಳಿದರು, ಏಳು ಸಲವೂ ಆಯಿತು. "ಅವರಿಗೆ ಅದರ ಹೊಟ್ಟಿ ಒಳಗ ಕಾಣಿಸ್ತದೇನ?" ಎಂದು ಅಮ್ಮ ನನ್ನನ್ನು ಕೇಳಿದರು, ದನಿ ತಗ್ಗಿಸಿ, ದೇವಸ್ಥಾನದಲ್ಲಿ ಕೇಳುವ ಹಾಗೆ.

ಅಜ್ಜಿ ಬರುವ ಹೊತ್ತಿಗೆ ಮನೆ ಒದ್ದೆಯಾಗದೆ ಹತ್ತು ದಿನವಾಗಿತ್ತು. ನಾನು ಗೆದ್ದೆ ಎಂದೇ ತಿಳಿದಿದ್ದೆ.

ಅಜ್ಜಿ ಬೆಳಿಗ್ಗೆಯ ಗಾಡಿಗೆ ಬಂದಿಳಿದರು. ಬಂದವರೇ ಮಡಿಸೀರೆ ಹಿಂಡಿ, ಹಿತ್ತಿಲ ಬಾಗಿಲಿಗೆ ಅಡ್ಡಲಾಗಿ ಗಳುವಿನ ಮೇಲೆ ಹರವಿದರು. ಸೆರಗು ಮೊಣಕಾಲಿನ ತನಕ ಇಳಿಬಿದ್ದಿತ್ತು. ಅದು ಒಣಗಿ, ಅವರು ಉಟ್ಟು, ಅಡಿಗೆ ಆಗುವ ತನಕ ಯಾರೂ ಮುಟ್ಟಕೂಡದು. ಮೋತಿಯ ದಾರಿ ಇದ್ದದ್ದು ಅದೇ ಬಾಗಿಲಲ್ಲಿ, ತೂಗುವ ಬಟ್ಟೆ ಕಂಡರೆ ಹಾರಿ ಎಳೆಯುವ ಮರಿ ಅದು. ಅಮ್ಮ ಎಂಟು ಗಂಟೆಗೆ ಮರಿಯನ್ನು ಪೆಟ್ಟಿಗೆಗೆ ಹಾಕಿ ಚಿಲಕ ಇಟ್ಟು, "ಸೀರಿ ಒಣಗಲಿ, ಆಮ್ಯಾಲ ಬಿಡು" ಎಂದರು.

ಅಂದು ಮೋಡ. ಸೀರೆ ಒಣಗಲಿಲ್ಲ. ಎರಡು ತಾಸಿಗಿಂತ ಹೆಚ್ಚು ಕೂಡಿಹಾಕಬಾರದು ಎಂದು ತಾತ ಹೇಳಿದ್ದು ನನಗೆ ನೆನಪಿತ್ತು. ಬೀದಿ ಬಾಗಿಲಿನಿಂದ ಹೊರಗೆ ಒಯ್ಯಬಹುದಿತ್ತು. ಆದರೆ ನಡುಮನೆಯಲ್ಲಿ ಅಜ್ಜಿ ಕೂತಿದ್ದರು. ಅವರ ಮುಂದೆ ನಾಯಿಯನ್ನು ಎತ್ತಿಕೊಂಡು ಹೋಗುವ ಧೈರ್ಯ ನನಗಾಗಲಿಲ್ಲ. ಮೋತಿ ಮೊದಲು ಕುಂಯ್‌ಗುಟ್ಟಿತು, ಆಮೇಲೆ ಪಟ್ಟಿಗಳನ್ನು ಕೆರೆಯಿತು, ಆಮೇಲೆ ಸುಮ್ಮನಾಯಿತು. ಸುಮ್ಮನಾದದ್ದು ನನಗೆ ಒಳ್ಳೆಯದೇ ಅನ್ನಿಸಿತು.

ಪಿಂಚಣಿಗೆಂದು ಹೋಗಿದ್ದ ತಾತ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಗೋಡೆಯ ಮೇಲಿಂದ ಇಣುಕಿದರು.

"ಮೋತಿ ಎಲ್ಲಮ್ಮ?"

"ಪೆಟ್ಟಿಗೇಲಿ."

"ಯಾವಾಗಿಂದ?"

"ಎಂಟು ಗಂಟೆಯಿಂದ."

ಎಂದೂ ಅವಸರ ಮಾಡದ ಮನುಷ್ಯ, ಅರವತ್ತು ದಾಟಿದವರು, ಚಪ್ಪಲಿ ಬಿಟ್ಟು ಗೋಡೆ ಹಾರಿದರು. ಬಗ್ಗಿ ಸೀರೆಯ ಕೆಳಗೆ ನುಸುಳಿ ಒಳಗೆ ಹೋಗಿ, ಮರಿಯನ್ನು ಎದೆಗಿಟ್ಟುಕೊಂಡು ಬಂದರು. ಬರುವಾಗ ಬಗ್ಗುವುದನ್ನು ಮರೆತರು. ಒದ್ದೆ ಸೆರಗು ಅವರ ತಲೆಯನ್ನೂ ಭುಜವನ್ನೂ ಮರಿಯನ್ನೂ ಸವರಿಕೊಂಡು ಹೋಯಿತು. ಅಜ್ಜಿ ಹಿಂದೆಯೇ ನಿಂತಿದ್ದರು. ಅಮ್ಮ ಬಾಯಿಗೆ ಕೈ ಇಟ್ಟುಕೊಂಡರು. ಮಾಕಳಿಯ ಹೊಲ ನನ್ನ ಕಣ್ಣ ಮುಂದೆ ಬಂತು.

ಗಿಡದ ಬುಡದಲ್ಲಿ ಬಿಟ್ಟ ಮರಿ ಮುಗಿಸುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು. ತಾತ ತಲೆ ಬಗ್ಗಿಸಿ ನಿಂತಿದ್ದರು. ಆಮೇಲೆ ತಿರುಗಿ ಕೈ ಮುಗಿದರು. "ತಪ್ಪಾಯ್ತು ತಾಯಿ. ಸೀರೆ ತಗುಲ್ತು."

ಅಜ್ಜಿ ಒಳಗೆ ಹೋದರು. ಪೆಟ್ಟಿಗೆಯ ಮುಂದೆ ಕಷ್ಟಪಟ್ಟು ಕೂತು, ಕೈ ಒಳಗೆ ಹಾಕಿ ಗೋಣಿಯನ್ನು ಮೂಲೆಮೂಲೆಗೂ ಮುಟ್ಟಿ ನೋಡಿದರು. ಎಲ್ಲೂ ಒದ್ದೆಯಿರಲಿಲ್ಲ. ಹೊರಗೆ ಬಂದು, ಗಳುವಿನಿಂದ ಸೀರೆ ಎಳೆದು ಬಕೆಟ್ಟಿಗೆ ಹಾಕಿದರು.

"ಸೀರಿ ಮತ್ತ ಒಗೀಬಹುದು ಬಿಡ್ರೀ," ಎಂದರು. "ನಾಲ್ಕು ತಾಸು ತಡಕೊಂಡದ ಇಷ್ಟು ಸಣ್ಣ ಜೀವ. ಇದರ ಮಡಿ ನನ್ನದಕಿಂತ ಗಟ್ಟಿ ಅದ. ಇರಲಿ ಇದು."

ಮೋತಿ ಹಾಗೆ ಉಳಿಯಿತು. ಆದರೆ ತಾತ ಅಂದು ನನ್ನ ಮೇಲೆ ರೇಗಿದಷ್ಟು ಮತ್ತೆಂದೂ ರೇಗಲಿಲ್ಲ. "ಚಿಲಕ ಹಾಕಿದ್ ಮ್ಯಾಕೆ ಟೈಮು ನಿನ್ ತಲೇಲಿ ಓಡ್ತಿರಬೇಕು. ಒಳಗಿರೋರ್‌ತಾವ ಗಡಿಯಾರ ಇರಾಕಿಲ್ಲ" ಎಂದರು. ಒಂದು ನಾಯಿಮರಿಗೆ ಇಷ್ಟೇಕೆ ಎಂದು ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಏಳೆಂಟು ವರ್ಷದ ಮೇಲೆ, ನಾನು ಕಾಲೇಜಿಗೆ ಹೋಗುತ್ತಿದ್ದಾಗ. ಅವರಿಗೆ ಎದೆನೋವು ಬಂದು ಹೋಗಿತ್ತು. ಜಗುಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ನಾಯಿಗಳ ವಿಷಯ ಇಷ್ಟೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ.

ಗಾರ್ಡಿನ ಡಬ್ಬಿಯಲ್ಲಿ, ಟಿಕೆಟ್ ಪಡೆದ ನಾಯಿಗಳಿಗೆಂದು ಒಂದು ಪುಟ್ಟ ಗೂಡು ಇರುತ್ತಿತ್ತಂತೆ. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಮುಂದೆ ಗೂಡ್ಸ್ ಗಾಡಿ ಕೆಟ್ಟು ಇವರ ಗಾಡಿ ಬಯಲಿನಲ್ಲಿ ನಿಂತುಬಿಟ್ಟಿತು. ಗೂಡಿನಲ್ಲಿದ್ದ ದೊಡ್ಡ ನಾಯಿ ಬಾಗಿಲು ಕೆರೆಯತೊಡಗಿತು. ಒಡೆಯ ಬಂದು ಕೇಳದೆ ಗೂಡು ತೆಗೆಯುವಂತಿಲ್ಲ. ಒಡೆಯ ಎಲ್ಲೋ ಮುಂದಿನ ಡಬ್ಬಿಯಲ್ಲಿ.

"ಬೀಗದ ಕೈ ಇಲ್ಲೇ ನನ್ ಜೇಬಲ್ಲಿತ್ತು. ಮಧ್ಯಾನೆಲ್ಲ ಕೂಗ್ತು. ರೂಲು ಅಂತ ನಾನ್ ತೆಗೀಲಿಲ್ಲ. ಸ್ಟೇಷನ್ ಬಂದು ತೆಗೆದ್ರೆ, ಒಳಗೇ ಆಗೋಗಿತ್ತು. ಆ ಅಂಥಾ ನಾಯಿ, ಮೂಲೆಗೆ ಮುಖ ಮಾಡ್ಕೊಂಡು ನಿಂತಿತ್ತು. ಎಷ್ಟ್ ಕರೆದ್ರೂ ನನ್ ಮುಖ ನೋಡ್ಲಿಲ್ಲ." ಸ್ವಲ್ಪ ಸುಧಾರಿಸಿಕೊಂಡರು. "ನಾನ್ ಮಾಡಿದ್ ತಪ್ಪಿಗೆ ಅದು ನಾಚ್ಕಂಡ್ತು ಕಣಮ್ಮ."

ಆಮೇಲೆ ಅವರ ಗಾಡಿಯಲ್ಲಿ ಬಂದ ಯಾವ ನಾಯಿಯನ್ನೂ ಅವರು ಮುಂದಿನ ನಿಲ್ದಾಣ ದಾಟುವ ತನಕ ಕಾಯಿಸಲಿಲ್ಲವಂತೆ. ತಾವೇ ಇಳಿಸಿ, ತಾವೇ ಹತ್ತಿಸಿ, ಒಂದೊಂದರ ಚರ್ಯೆಯನ್ನೂ ಮೂವತ್ತು ವರ್ಷ ನೋಡಿದರಂತೆ. ಇದನ್ನು ಹೇಳಿದ ಮುಂದಿನ ಬೇಸಿಗೆಯಲ್ಲಿ ಅವರು ಹೋದರು. ನನಗೆ ಅಂದು ಪರೀಕ್ಷೆಯಿತ್ತು, ಕೊನೆಯ ಸಲ ಮುಖ ನೋಡಲಾಗಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ಆರ್.ಟಿ. ನಗರದ ಒಂದು ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುತ್ತಿದ್ದೆ. ಹೊಸ ಕೆಲಸ, ಶಿಸ್ತಿನ ಹುಚ್ಚು. ಬೆಲ್ಲು ಹೊಡೆಯದೆ ಯಾರನ್ನೂ ಆಚೆ ಬಿಡುತ್ತಿರಲಿಲ್ಲ. ಒಂದು ದಿನ ಎರಡು ಸಲ ಕೈ ಎತ್ತಿ ಕೂತುಕೊಂಡ ಒಂದು ಹುಡುಗಿಯ ಬೆಂಚಿನ ಕೆಳಗೆ ನೀರು ಹರಿಯಿತು. ಮಕ್ಕಳು ಗೊಳ್ಳೆಂದರು. ಆಕೆ ಲಂಗ ಮುದುರಿ ಹಿಡಿದು ತಲೆ ತಗ್ಗಿಸಿದ್ದಳು. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ. "ಇವಳು ಎರಡು ಸಲ ಕೇಳಿದಳು. ನಾನು ಬಿಡಲಿಲ್ಲ. ತಪ್ಪು ನನ್ನದು, ನಗುವುದಾದರೆ ನನ್ನನ್ನು ನೋಡಿ ನಗಿ" ಎಂದೆ.

ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಆ ಹುಡುಗಿ ತಲೆ ಎತ್ತಿ ನನ್ನ ಮುಖ ನೋಡಿದಳು.