ತೊಟ್ಟಿಲಲ್ಲೇ ತೀರಿಹೋದ ನಮ್ಮಪ್ಪ

ಹೆಳವ ನಮ್ಮಪ್ಪನ ಸಾವನ್ನು ಹಾಡಿದಾಗ ಅಪ್ಪ ಅವನ ಎದುರಿಗೇ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ.

ಹೆಳವರೆಂದರೆ ನಮ್ಮ ಕಡೆ ಮನೆತನಗಳ ವಂಶ ಹೇಳುವವರು. ಮೊದಲು ಎತ್ತಿನ ಮೇಲೆ ಕೂತು ಊರೂರು ತಿರುಗುತ್ತಿದ್ದರು. ಯಾರ ಮುತ್ತಜ್ಜ ಎಲ್ಲಿಂದ ಬಂದ, ಯಾರಿಗೆ ಯಾರು ಹುಟ್ಟಿದರು, ಯಾರು ಉಳಿದರು, ಯಾರು ಹೋದರು, ಎಲ್ಲ ಹಾಡಿ, ಹೊಸ ಹೆಸರು ಸೇರಿಸಿಕೊಂಡು, ಜೋಳ ಇಸಕೊಂಡು ಮುಂದಿನ ಮನೆಗೆ ನಡೆಯುವರು. ಈಗ ಊರಿನ ಅರ್ಧ ಮಂದಿ ಗೋವಾದ ಝುವಾರಿನಗರದಲ್ಲೇ ಇದ್ದೇವಲ್ಲ, ಈ ಹೆಳವನೂ ರೈಲು ಹತ್ತಿ ಬಂದಿದ್ದ.

ಅಪ್ಪನಿಗೆ ಹಿಗ್ಗೋ ಹಿಗ್ಗು. ಅಜ್ಜ ಅಜ್ಜಿ ಬಂದರಿನ ಕೂಲಿಗೆಂದು ವಾಸ್ಕೋಕ್ಕೆ ಬಂದಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ಅಂದಿನಿಂದ ನಮ್ಮ ವಂಶವನ್ನು ಯಾರೂ ಹಾಡಿರಲಿಲ್ಲ. ಈಗ ನನ್ನ ಮಗನ ಹೆಸರು ಅದರಲ್ಲಿ ಸೇರಬೇಕು, ಅಪ್ಪನ ಆಸೆ ಅದೊಂದೇ. "ಎಲ್ಲಾ ಕಾರ್ಡಿನಾಗ ಬಂತು, ಹೆಳವನ ಬಾಯಾಗ ಇನ್ನೂ ಬಂದಿಲ್ಲ" ಎಂದು ತೊಟ್ಟಿಲು ತೂಗುವಾಗಲೆಲ್ಲ ಗೊಣಗುತ್ತಿದ್ದ.

ಹೆಳವ ಕಿವಿಗೆ ಕೈ ಹಚ್ಚಿ ಶುರುಮಾಡಿದ. ಮೂಲಪುರುಷ ಬಂದ, ಬಾವಿ ತೋಡಿದ, ಅಣ್ಣತಮ್ಮಂದಿರು ಬೇರೆಯಾದರು. ಅಜ್ಜನ ಹೆಸರು ಬಂದಾಗ ಅಪ್ಪ ಖುಷಿಗೆ ನನ್ನ ತೊಡೆ ಚಿವುಟಿದ. ಅಜ್ಜನ ಹಿರಿಮಗಳು ಬಂದಳು, ಅಂದರೆ ನನ್ನ ಅತ್ತಿ. ಆಮೇಲೆ ಹುಟ್ಟಿ ಕಣ್ಣುಮುಚ್ಚಿದ ಕೂಸುಗಳು. ಕಡೆಗೆ ಅಪ್ಪನ ಹೆಸರು. ಅದರ ಬೆನ್ನಿಗೇ, ರಾಗ ಒಂಚೂರೂ ಕೆಡದಂತೆ, "ಇದೂ ತೊಟ್ಟಿಲದಾಗ ಹೋತು, ಕವಲು ಅಲ್ಲಿಗೆ ಬತ್ತೀತು."

ಬಸಿಯಲ್ಲಿದ್ದ ಚಹಾ ಅಪ್ಪನ ಧೋತರದ ಮೇಲೆ ಹರಿಯಿತು. ಸುಟ್ಟದ್ದು ಅವನಿಗೆ ಗೊತ್ತಾಗಲಿಲ್ಲ. ನಾನು ಸತ್ತ ಕೂಸಿನ ಮಗ. ನನ್ನ ತೊಡೆಯ ಮೇಲೆ ಮಲಗಿದ್ದು ಸತ್ತ ಕೂಸಿನ ಮೊಮ್ಮಗ.

"ಏ ಮಾರಾಯಾ, ಹೋದಾಂವ ನಾನ! ನಿನ್ನ ಮುಂದ ಕುಂತೇನಿ!"

ಹೆಳವನೂ ಬೆಪ್ಪಾಗಿದ್ದ. "ನಮ್ಮಪ್ಪ ಹಾಡಿದ್ದನ್ನ ಹಾಡೇನ್ರಿ. ನಿಮ್ಮ ಮನ್ಯಾಗ ಹೇಳಿದ್ದನ್ನ ಅವರು ಹಾಡ್ಯಾರ."

"ಆಧಾರ್ ತೋರಸ್ಲೇನು?"

"ತೋರಸ್ರಿ. ಅದರಾಗ ನಿಮ್ಮ ಮುತ್ತಜ್ಜ ಅದಾನೇನ್ರಿ?" ಹೆಳವ ಕೈ ಮುಗಿದ. "ಸಿಟ್ಟಾಗಬ್ಯಾಡ್ರಿ. ಹಿರ್ಯಾರು ಹೋತು ಅಂದದ್ದನ್ನ, ಹೋದಾಂವನ ಬಂದು ಅಲ್ಲಂದ್ರ ತಿದ್ದಾಕ ಬರೂದಿಲ್ರಿ. ನಿಮ್ಮಕಿಂತ ದೊಡ್ಡವರು ಯಾರರ ಸಾಕ್ಷಿ ಹೇಳಬೇಕ. ನೀವು ಬದುಕಿಲ್ಲಂದ್ರ ನಿಮ್ಮ ಮೊಮ್ಮಗನ್ನ ನಾ ಎಲ್ಲಿ ಕೂಡಿಸ್ಲಿ?"

ದೊಡ್ಡವರೆಂದು ಉಳಿದವಳು ಅತ್ತಿ ಒಬ್ಬಳೇ. ನಾನು ಬೈಕು ತೆಗೆದುಕೊಂಡು ವಾಸ್ಕೋಕ್ಕೆ ಹೋದೆ. ವಿಷಯ ಹೇಳಿದರೆ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೈಕಿನ ಹಿಂದೆ ಕೂತಳು. ದಾರಿಯುದ್ದಕ್ಕೂ ಅವಳ ಉಗುರು ನನ್ನ ಭುಜದಲ್ಲಿ.

ಮನೆಯಲ್ಲಿ ಅಪ್ಪ ಕುದಿಯುತ್ತಿದ್ದ. "ಅಕ್ಕಾ, ಯಾವ ದಾಯಾದಿ ಹೇಳಿದ್ದಿದು? ಯಾರು ನನ್ನ ಕೊಂದಾಂವ?"

"ಅವ್ವ," ಎಂದಳು ಅತ್ತಿ.

ಅವಳು ಅಪ್ಪನ ರಟ್ಟೆ ಹಿಡಿದು ಕೂಡಿಸಿದಳು.

"ನಿನಕಿಂತ ಮೊದಲಿನವು ಎಲ್ಲಾ ಹೋಗಿದ್ವಪ್ಪಾ. ನೀ ಒಬ್ಬಾಂವ ಉಳದಿ. ಹೆಳವ ಬಂದು ಓಣ್ಯಾಗ ನಿಂತು ನಿನ್ನ ಹೆಸರು ಒದರಿದ್ರ ಸಾವಿಗೆ ಕೇಳಸೂದಿಲ್ಲೇನು? ಮಂದಿ ಕೂಸಿಗೆ ತಿಪ್ಪಿ ಅಂತ, ತೌಡ ಅಂತ ಹೆಸರಿಟ್ಟು ಉಳಸ್ಕೋತಾರ. ನಿನಗ ಆಗಲೇ ಚಂದದ ಹೆಸರಿಟ್ಟು ಮುಗದಿತ್ತು. ಅದಕ್ಕ ಅವ್ವ ನಿನ್ನ ಮೊರದ ಕೆಳಗ ಮುಚ್ಚಿ, ಹೊರಗ ಬಂದು, ಕೂಸು ಹೋತು ಅಂತ ಎದಿ ಬಡಕೊಂಡ್ಲು. ನೀ ಅಳಬಾರದಂತ ಒಳಗ ನಿನ್ನ ಬಾಯಾಗ ಬೆಲ್ಲ ಹಿಡಿದು ಕುಂತಾಕಿ ನಾನ."

ಅಪ್ಪ ಅವಳನ್ನು ಹೊಸಬಳೆಂಬಂತೆ ನೋಡಿದ. ಸತ್ತವನೆಂದು ಹಾಡಿದ್ದಕ್ಕಿಂತ ಇದು ಅವನಿಗೆ ಜೋರಾಗಿ ಬಡಿದಿತ್ತು.

"ಈಗರ ಹೇಳಬೇ ಯವ್ವಾ, ಅದಾನಂತ," ಎಂದ ಹೆಳವ ಮೆತ್ತಗೆ.

"ಒಲ್ಲೆ."

"ಅಕ್ಕಾ!"

"ಒಲ್ಲೆ ಅಂದೆ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನ ಮುದಕ ಆದಮ್ಯಾಲೆ ಹಿಡಿದು ಕೊಡ್ಲೇನು? ಹೋದ ವರ್ಷ ಎದಿ ಹಿಡಕೊಂಡು ದವಾಖಾನಿಗೆ ಹೋಗಿದ್ದಿ. ಯಾಕ ವಾಪಸ್ ಬಂದಿ? ಸಾವಿಗೆ ನಿನ್ನ ಗುರ್ತು ಇಲ್ಲ, ಅದಕ್ಕ!"

ನನಗೆ ನಗು ಬಂತು, ಆದರೆ ಅವಳು ತಮಾಷೆಗೆ ಹೇಳಿರಲಿಲ್ಲ. ಅಪ್ಪ ಕೂಸನ್ನು ನನ್ನಿಂದ ಎತ್ತಿಕೊಂಡು ಅವಳ ಉಡಿಯಲ್ಲಿಟ್ಟ. "ನಾ ಸತ್ರ ಸಾಯ್ತೇನಿ ಅಕ್ಕಾ. ನಾ ಉಳದೇ ಇಲ್ಲಂದ್ರ ಇಂವ ಯಾರಿಗೆ ಹುಟ್ಟ್ಯಾನ, ಹೇಳು."

ಅತ್ತಿ ಕೂಸಿನ ಹಣೆ ಸವರಿದಳು. ಹೊರಗೆ ಪಾಳಿ ಬಿಟ್ಟ ಮಂದಿ ಸಾಗುತ್ತಿದ್ದರು. ಅವರೆಲ್ಲ ದಾಟಿಹೋಗಲೆಂದು ಕಾಯುತ್ತಿದ್ದಳೆಂದು ಕಾಣುತ್ತದೆ. ಓಣಿ ಖಾಲಿಯಾದ ಮೇಲೆ ಬಾಗಿಲು ಹಾಕಿಸಿ, "ಅದಾನ" ಎಂದಳು. ನಂತರ ಹೆಳವನಿಗೆ ಗದರಿದಳು: "ಸಣ್ಣಗ ಹಾಡೋ, ಪಿಸುಪಿಸು!"

ಹೆಳವ ತನ್ನ ಜನ್ಮದಲ್ಲಿ ಹಾಗೆ ಹಾಡಿರಲಿಕ್ಕಿಲ್ಲ. ಅಪ್ಪ ಬದುಕಿದ, ನಾನು ಹುಟ್ಟಿದೆ, ನನ್ನ ಮಗ ಬಂದ, ಎಲ್ಲವೂ ಕೂಸು ಮಲಗಿಸುವ ದನಿಯಲ್ಲಿ. ಅಪ್ಪ ಅಳುತ್ತಿದ್ದ. ಅತ್ತಿ ಮಾತ್ರ ಕದದ ಸಂದಿಯನ್ನೇ ನೋಡುತ್ತಿದ್ದಳು.

ಆಮೇಲೆ ಅವಳು ವಾಸ್ಕೋಕ್ಕೆ ಹೋಗಲೊಲ್ಲೆ ಎಂದಳು. ನಮ್ಮ ಹೊಸ್ತಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು. ಮರುದಿನ ಕೊರಿಯರ್‌ನವನೊಬ್ಬ ಬಂದು ಅಪ್ಪನ ಹೆಸರು ಕೂಗಿದ. ಅತ್ತಿ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಆ ಹೆಸರಿನವರು ಇಲ್ಲಿಲ್ಲಪ್ಪಾ. ಅದು ತೊಟ್ಟಿಲದಾಗನ ಹೋತು. ನಡಿ, ನಡಿ."

ನಾನು ಒಳಗೆ ತಿರುಗಿ ನೋಡಿದೆ. ಅಪ್ಪ ಕೆಮ್ಮು ಬಂದದ್ದನ್ನು ಎರಡೂ ಕೈಯಿಂದ ಬಾಯಿಯಲ್ಲೇ ಅದುಮಿಕೊಂಡು, ಸದ್ದಿಲ್ಲದೆ ಕೂತಿದ್ದ.